ಒಂದೇ ಬದಿ ಟೈರು ಯಾಕೆ ಸವೆಯುತ್ತದೆ?

ಟ್ರ್ಯಾಕ್ಟರಿನ ಹಿಂದಿನ ಟೈರು ಸವೆಯೋದು ಸಹಜ. ಎರಡೂ ಸಮನಾಗಿ ಸವೆದರೆ ಗಾಡಿ ದುಡಿದಿದೆ ಅಂತ ಲೆಕ್ಕ. ಒಂದೇ ಬದಿಯದು ಸವೆದರೆ ಎಲ್ಲೋ ದೋಷ ಇದೆ ಅಂತ ಲೆಕ್ಕ. ಇಷ್ಟು ತಿಳಿಯಲು ನನಗೆ ಒಂದು ಹೊಸ ಟೈರಿನ ದುಡ್ಡು ಖರ್ಚಾಯಿತು.

ನಮ್ಮದು ಚಳ್ಳಕೆರೆ ಕಡೆಯ ಕೆಂಪು ಗರಸು ಹೊಲ. ಮಳೆ ನಂಬಿ ಶೇಂಗಾ, ತೊಗರಿ ಹಾಕುತ್ತೇವೆ. ಟ್ರ್ಯಾಕ್ಟರು ಹಳೆಯದು. ಹಿಂದಿನ ಟೈರಿನ ಅಳತೆ 13.6-28. 2021ರಲ್ಲಿ ಎಡಗಡೆ ಟೈರಿನ ಹಲ್ಲು ಪೂರಾ ಬೋಳಾಯಿತು, ಬಲಗಡೆಯದು ಇನ್ನೂ ಅರ್ಧ ಉಳಿದಿತ್ತು. ಗಾಡಿ ಹೊಡೆಯುವ ಹುಡುಗನನ್ನು ಬೈದೆ. "ಬದುವಿನ ಹತ್ರ ಎಡ ಬ್ರೇಕ್ ತುಳಿದು ಗಿರ್ ಅಂತ ತಿರುಗಿಸ್ತೀಯ, ಅದಕ್ಕೇ ಹಿಂಗಾಗಿದೆ" ಅಂದೆ. "ಇಲ್ಲ ಯಜಮಾನ್ರೇ, ಉಳುವಾಗ ಎಡಗಾಲಿ ಜಾರ್ತದೆ" ಅಂದ. ನಾನು ಕೇಳಲಿಲ್ಲ. ಸಂಬಳದಲ್ಲಿ 2000 ರೂಪಾಯಿ ಹಿಡಿದೆ. ಹೊಸ ಟೈರು ಹಾಕಿಸಿದೆ. 2022ರ ಉಳುಮೆ ಮುಗಿಯುವ ಹೊತ್ತಿಗೆ ಆ ಹೊಸ ಟೈರೂ ಅರ್ಧಕ್ಕೆ ಬಂದಿತ್ತು. ಆಗ ಕುಳಿತು ಯೋಚಿಸಿದೆ.

ಮೊದಲು ಟೈರು ನೋಡಿ

ಶಾಲೆ ಮಕ್ಕಳ ಸ್ಕೇಲು ಸಾಕು. ಎರಡು ಹಲ್ಲಿನ ನಡುವೆ ಸ್ಕೇಲು ನಿಲ್ಲಿಸಿ ಹಲ್ಲಿನ ಎತ್ತರ ಅಳೆಯಿರಿ. ಪ್ರತಿ ಟೈರಿನಲ್ಲಿ ಒಳಅಂಚು, ನಡುಭಾಗ, ಹೊರಅಂಚು ಹೀಗೆ ಮೂರು ಕಡೆ ಅಳೆದು ಬರೆದಿಡಿ.

ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಅದರಲ್ಲೂ ರಸ್ತೆ ಓಡಾಟ ಜಾಸ್ತಿ ಇದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಇಲ್ಲವೇ ಹೇರು ಹೆಚ್ಚು. ಒಂದೇ ಅಂಚು ಸವೆದಿದ್ದರೆ ರಿಮ್ಮು ಸೊಟ್ಟಗಾಗಿದೆಯೋ, ನಟ್ಟು ಸಡಿಲವೋ, ಬೇರಿಂಗ್ ಆಡುತ್ತಿದೆಯೋ ನೋಡಬೇಕು. ಅಲ್ಲೊಂದು ಇಲ್ಲೊಂದು ತೇಪೆ ಹಾಕಿದಂತೆ ಸವೆದಿದ್ದರೆ ಬ್ರೇಕಿನ ಮೇಲೆ ಅನುಮಾನ. ಒಂದು ಟೈರಿನಲ್ಲಿ ಹಲ್ಲೆಲ್ಲ ಸುತ್ತಲೂ ಒಂದೇ ಸಮ ಸವೆದು, ಇನ್ನೊಂದು ಟೈರು ಚೆನ್ನಾಗಿದ್ದರೆ, ಆ ಗಾಲಿ ಹೆಚ್ಚು ಜಾರುತ್ತಿದೆ ಅಂತ ತಿಳಿಯಬೇಕು.

ನನ್ನ ಟೈರು ಈ ಕೊನೆಯ ಜಾತಿ. ತೇಪೆ ಇರಲಿಲ್ಲ. ಹುಡುಗನ ಮೇಲೆ ಹೊರಿಸಿದ ತಪ್ಪು ಅಲ್ಲೇ ಅರ್ಧ ಬಿದ್ದುಹೋಯಿತು.

ನಿಂತ ಗಾಡಿಯಲ್ಲಿ ಪರೀಕ್ಷೆ

ಬೆಳಿಗ್ಗೆ ಟೈರು ತಣ್ಣಗಿರುವಾಗ ಎರಡೂ ಕಡೆ ಗಾಳಿ ನೋಡಿದೆ. ಹೊಲದ ಕೆಲಸಕ್ಕೆ ಸಾಮಾನ್ಯವಾಗಿ 12ರಿಂದ 14 ಪೌಂಡು, ಟ್ರೇಲರ್ ಕಟ್ಟಿ ರಸ್ತೆಗೆ ಹೋಗಲು ಸ್ವಲ್ಪ ಹೆಚ್ಚು. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೇ ನಿಮಗೆ ಲೆಕ್ಕ. ಎರಡೂ ಕಡೆ ಒಂದೇ ಇರಬೇಕು ಅನ್ನೋದು ಮುಖ್ಯ. ನನ್ನದು ಸರಿಯಿತ್ತು.

ಆಮೇಲೆ ಬ್ರೇಕು. ಮುಂದಿನ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಒಂದು ಹಿಂಗಾಲಿ ಜಾಕಿಯಿಂದ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟೆ. ಬರೀ ಜಾಕಿ ನಂಬಬೇಡಿ. ಗೇರು ನ್ಯೂಟ್ರಲ್ ಮಾಡಿ ಗಾಲಿ ಕೈಯಲ್ಲಿ ತಿರುಗಿಸಿದರೆ ತಿರುಗಬೇಕು. ಹಿಡಿದಂತಾದರೆ ಆ ಕಡೆ ಬ್ರೇಕು ಕಚ್ಚುತ್ತಿದೆ. ನನ್ನದರಲ್ಲಿ ಎರಡೂ ಸಲೀಸಾಗಿ ತಿರುಗಿದವು. ರಸ್ತೆಯಲ್ಲಿ ಹೋಗುವಾಗ ಎರಡು ಬ್ರೇಕ್ ಪೆಡಲ್ ಕೂಡಿಸುವ ಕೊಂಡಿ ಹಾಕಿಯೇ ಇರಬೇಕು. ಇದು ಟೈರಿಗಿಂತ ಜೀವಕ್ಕೆ ಮುಖ್ಯ.

ಉಳುವಾಗಿನ ಪರೀಕ್ಷೆ

ಎರಡೂ ಟೈರಿಗೆ ಸುಣ್ಣದ ಗುರುತು ಹಾಕಿದೆ. ನೇಗಿಲು ಎತ್ತಿಕೊಂಡು, ಗಟ್ಟಿ ನೆಲದ ಮೇಲೆ ಗಾಲಿ 10 ಸುತ್ತು ಬರುವಷ್ಟು ದೂರ ಓಡಿಸಿದೆವು. ಸುಮಾರು 40 ಮೀಟರ್ ಬಂತು. ಅಷ್ಟೇ ದೂರ ಹೊಲದಲ್ಲಿ ಗೂಟ ನೆಟ್ಟು ಉಳುಮೆ ಮಾಡಿಸಿದೆ. ಹುಡುಗ ಗಾಡಿ ಹೊಡೆದ. ಎಡಗಡೆ ನಾನು, ಬಲಗಡೆ ನನ್ನ ಮಗ, ಗಾಲಿಯಿಂದ ಎರಡು ಮಾರು ದೂರ ನಡೆಯುತ್ತ ಸುತ್ತು ಎಣಿಸಿದೆವು.

ಬಲಗಾಲಿ 11 ಸುತ್ತು, ಎಡಗಾಲಿ 13 ಸುತ್ತು! 10 ಸುತ್ತಿನ ದಾರಿಗೆ ಎಡಗಾಲಿ ಮೂರು ಸುತ್ತು ಸುಮ್ಮನೆ ಕಲ್ಲುಮಣ್ಣಿಗೆ ಉಜ್ಜಿಕೊಂಡಿತ್ತು. 13ರಲ್ಲಿ 3 ಅಂದರೆ ನೂರಕ್ಕೆ 23 ಜಾರಿಕೆ. ಉಳುಮೆಯಲ್ಲಿ ನೂರಕ್ಕೆ 10ರಿಂದ 15 ಜಾರಿಕೆ ಇದ್ದೇ ಇರುತ್ತದೆ. ಅದಕ್ಕಿಂತ ಮೇಲಾದರೆ ಟೈರೂ ಹೋಯಿತು, ಡೀಸೆಲ್ಲೂ ಹೋಯಿತು.

ಕಾರಣ ಏನು?

ನಮ್ಮದು ಒಂದೇ ಕಡೆಗೆ ಮಣ್ಣು ಮಗುಚುವ ಎಂ.ಬಿ. ನೇಗಿಲು. ಬಲಗಾಲಿ ಯಾವಾಗಲೂ ಉತ್ತ ಸಾಲಿನೊಳಗೆ, ಎಡಗಾಲಿ ಉಳದ ನೆಲದ ಮೇಲೆ. ಗಾಡಿ ಬಲಕ್ಕೆ ವಾಲುತ್ತದೆ, ಭಾರ ಬಲಗಾಲಿಗೆ ಹೋಗುತ್ತದೆ, ಎಡಗಾಲಿ ಹಗುರವಾಗುತ್ತದೆ. ಯಾವ ಗಾಲಿಗೆ ಹಿಡಿತ ಕಡಿಮೆಯೋ ಡಿಫರೆನ್ಸಿಯಲ್ ಆ ಗಾಲಿಯನ್ನೇ ಹೆಚ್ಚು ತಿರುಗಲು ಬಿಡುತ್ತದೆ. ನಾನು ಬಾಡಿಗೆ ಆಸೆಗೆ ಒಣ ನೆಲದಲ್ಲಿ ಒಂಬತ್ತು ಇಂಚು ಆಳ ಉಳಿಸುತ್ತಿದ್ದೆ. ಆಳ ಹೆಚ್ಚಿದಷ್ಟೂ ವಾಲೋದೂ ಹೆಚ್ಚು.

ಮಾಡಿದ ಬದಲಾವಣೆ

ಆಳ ಆರು ಇಂಚಿಗೆ ಇಳಿಸಿದೆ. ಮಳೆ ಬಿದ್ದು ನೆಲ ಹದಕ್ಕೆ ಬಂದ ಮೇಲೆಯೇ ನೇಗಿಲು ಇಳಿಸುತ್ತೇನೆ. ಸವೆದ ಕುಳ ಬದಲಿಸಿದೆ. ಬಲಗಾಲಿ ಸಾಲಿನಲ್ಲಿ ಇಳಿದಾಗ ನೇಗಿಲು ಮಟ್ಟವಾಗಿ ನಿಲ್ಲುವಂತೆ ಬಲಗಡೆಯ ಲಿಫ್ಟ್ ರಾಡು ಹೊಂದಿಸಿದೆ. ಎರಡೂ ಟೈರಿಗೆ ಮುಕ್ಕಾಲು ನೀರು ತುಂಬಿಸಿದೆ. ವಾಲ್ವು ಮೇಲಕ್ಕೆ ಬರುವಂತೆ ಗಾಲಿ ನಿಲ್ಲಿಸಿ, ವಾಲ್ವಿನ ಮಟ್ಟದವರೆಗೆ ನೀರು ಬಿಟ್ಟು, ಮೇಲೆ ಗಾಳಿ ಹೊಡೆಸಬೇಕು. ಗಾಲಿ ಜಾರುವ ಜಾಗದಲ್ಲಿ ಡಿಫರೆನ್ಸಿಯಲ್ ಲಾಕ್ ಹಾಕಬಹುದು. ಆದರೆ ಗಾಲಿ ತಿರುಗುತ್ತಿರುವಾಗ ಹಾಕಬಾರದು, ನೇರ ಸಾಲಿನಲ್ಲಿ ಮಾತ್ರ ಬಳಸಬೇಕು, ತಿರುವಿಗೆ ಮುಂಚೆ ಬಿಡಲೇಬೇಕು.

ಮತ್ತೆ ಎಣಿಸಿದಾಗ ಬಲಗಾಲಿ 11, ಎಡಗಾಲಿ ಹನ್ನೊಂದೂವರೆ ಬಂತು. ಉಳಿದ ಸಣ್ಣ ವ್ಯತ್ಯಾಸಕ್ಕೆ 2024ರಲ್ಲಿ ಟೈರುಗಳನ್ನು ಎಡಬಲ ಬದಲಿಸಿದೆ. ಹಾಗೆ ಮಾಡುವಾಗ ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಗಾಡಿ ಮುಂದಕ್ಕೆ ಹೋಗುವಾಗ ಗಾಲಿ ತಿರುಗುವ ದಿಕ್ಕಿಗೇ ಇರಬೇಕು. ಹಿಂದೆ ನಿಂತು ನೋಡಿದರೆ ಹಲ್ಲುಗಳು ಕೂಡುವ ಮೊನೆ ಮೇಲಕ್ಕೆ ಕಾಣಬೇಕು.

ಹುಡುಗನ 2000 ರೂಪಾಯಿ ವಾಪಸು ಕೊಟ್ಟೆ, "ತಪ್ಪು ನಂದೇ ಕಣಪ್ಪ" ಅಂದೆ. ದುಡ್ಡು ಎಣಿಸದೇ ಜೇಬಿಗೆ ಹಾಕಿಕೊಂಡು, "ನಾಳೆ ಎಷ್ಟೊತ್ತಿಗೆ ಹೂಡೋಣ?" ಅಂದ. ಟೈರು ಸವೆದಾಗ ಅಂಗಡಿಗೆ ಹೋಗುವ ಮುಂಚೆ, ಇನ್ನೊಬ್ಬರನ್ನು ಬೈಯುವ ಮುಂಚೆ, ಒಂದು ಸ್ಕೇಲು, ಒಂದಿಷ್ಟು ಸುಣ್ಣ ಹಿಡಿದು ಒಂದು ಬೆಳಿಗ್ಗೆ ಕಳೆಯಿರಿ. ಎರೆ ಹೊಲದವರ ಅನುಭವ ಬೇರೆ ಇರಬಹುದು. ಅವರೂ ಬರೆದರೆ ಎಲ್ಲರಿಗೂ ಉಪಕಾರ.