ವೆಬ್‌ಸೈಟ್ ಯಾವುದರಲ್ಲಿ ಕಟ್ಟಿಸಿದರೆ ಗೂಗಲ್ಲಿಗೆ ಕಾಣುತ್ತೆ?

ನವಣೆ, ಸಾವೆ, ಗಾಣದ ಶೇಂಗಾ ಎಣ್ಣೆ ನೇರವಾಗಿ ಮಾರುವ ರೈತರು ಈಗ ವೆಬ್‌ಸೈಟ್ ಮಾಡಿಸುತ್ತಿದ್ದಾರೆ. ದಲ್ಲಾಳಿ ಕೈ ತಪ್ಪಿಸಿ ಪಟ್ಟಣದ ಗಿರಾಕಿ ನಮ್ಮನ್ನೇ ಹುಡುಕಿಕೊಂಡು ಬರಲಿ ಎಂಬ ಆಸೆ. ಮಾಡಿಕೊಡುವವರ ಹತ್ತಿರ ಹೋದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ‘ವರ್ಡ್‌ಪ್ರೆಸ್‌ನಲ್ಲೇ ಮಾಡಿಸಿ, ಗೂಗಲ್ಲಲ್ಲಿ ಮೇಲೆ ಬರುತ್ತೆ’ ಅಂತ ಒಬ್ಬರು. ‘ವಿಕ್ಸ್ ಬೇಡ, ಅದು ಗೂಗಲ್ಲಿಗೆ ಕಾಣೋದೇ ಇಲ್ಲ’ ಅಂತ ಇನ್ನೊಬ್ಬರು. ಈ ಮಾತು ನಂಬಿ ದುಡ್ಡು ಕಟ್ಟುವ ಮುಂಚೆ ನಾಲ್ಕು ಸಂಗತಿ ತಿಳಿದಿರುವುದು ಒಳ್ಳೇದು.

ನಾನು ಓದಿದ್ದು ಏಳನೇ ಕ್ಲಾಸು. ನಮ್ಮ ಗುಂಪಿನ ವೆಬ್‌ಸೈಟ್ ನೋಡಿಕೊಳ್ಳೋ ಕೆಲಸ ಎರಡು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಕಂಪ್ಯೂಟರ್ ಓದಿದ ತಮ್ಮನ ಮಗನನ್ನ ಕೇಳಿ ಕೇಳಿ, ಕೈಯಾರೆ ಮಾಡಿ ತಿಳಿದುಕೊಂಡದ್ದನ್ನ ಬರೆಯುತ್ತಿದ್ದೇನೆ.

ಗೂಗಲ್ಲಿನ ಯಂತ್ರ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಿ ಅಲ್ಲಿರುವ ಅಕ್ಷರ ಓದಿ ತನ್ನ ಪಟ್ಟಿಗೆ ಬರೆದುಕೊಳ್ಳುತ್ತೆ. ಗಿರಾಕಿ ಹುಡುಕಿದಾಗ ಆ ಪಟ್ಟಿಯಿಂದ ತೆಗೆದು ತೋರಿಸುತ್ತೆ. ಪುಟ ಯಾವ ಕಂಪನಿಯ ಸಲಕರಣೆಯಲ್ಲಿ ಕಟ್ಟಿದ್ದು ಎಂದು ನೋಡಿ ಅದು ಅಂಕ ಕೊಡಲ್ಲ. ಹಾಗಾದರೆ ಸಲಕರಣೆಗೂ ಸ್ಥಾನಕ್ಕೂ ಸಂಬಂಧವೇ ಇಲ್ಲವಾ? ಇದೆ, ಆದರೆ ಬೇರೆ ದಾರಿಯಲ್ಲಿ. ಅಕ್ಷರ ಆ ಯಂತ್ರಕ್ಕೆ ಓದೋಕೆ ಸಿಗುತ್ತಾ, ಪುಟ ಮೊಬೈಲಿನಲ್ಲಿ ಬೇಗ ತೆರೆಯುತ್ತಾ, ವಿಳಾಸ ನಮ್ಮದಾಗಿ ಉಳಿಯುತ್ತಾ ಎಂಬುದನ್ನೆಲ್ಲ ಸಲಕರಣೆ ನಿರ್ಧರಿಸುತ್ತೆ.

ವಿಕ್ಸ್ ಮೇಲಿನ ಅಪವಾದಕ್ಕೂ ಕಾರಣ ಇದೆ. 2006ರಲ್ಲಿ ಇಸ್ರೇಲಿನಲ್ಲಿ ಶುರುವಾದ ಈ ಕಂಪನಿ ಮೊದಲು ಪುಟಗಳನ್ನ ಫ್ಲ್ಯಾಶ್ ಎಂಬ ತಂತ್ರದಲ್ಲಿ ಕಟ್ಟುತ್ತಿತ್ತು. ನೋಡೋಕೆ ಚೆಂದ, ಒಳಗಿನ ಮಾತು ಮಾತ್ರ ಹುಡುಕುವ ಯಂತ್ರಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. 2012ರಲ್ಲಿ ವಿಕ್ಸ್ ಆ ತಂತ್ರ ಬಿಟ್ಟು ಹೊಸದಕ್ಕೆ ಬಂತು. ಫ್ಲ್ಯಾಶ್ 2020ರ ಕೊನೆಗೆ ನಿಂತೇ ಹೋಯಿತು. ಈಗ ವಿಕ್ಸ್‌ನಲ್ಲೂ ಪುಟದ ತಲೆಬರಹ, ವಿವರಣೆ, ವಿಳಾಸ ಎಲ್ಲಾ ನಾವೇ ಬರೆಯಬಹುದು. ಕಾರಣ ಹೋದರೂ ಹಳೇ ಮಾತು ಉಳಿದುಕೊಂಡಿದೆ, ಅಷ್ಟೇ.

ಕನ್ನಡದವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದನ್ನ ಮಾಡಿಕೊಡುವವರು ಹೇಳೋದೇ ಇಲ್ಲ.

ನಮ್ಮ ಕರಪತ್ರ, ಲೇಬಲ್ ಎಲ್ಲಾ ಡಿಟಿಪಿ ಅಂಗಡಿಯಲ್ಲಿ ತಯಾರಾಗುತ್ತವೆ. ಅಲ್ಲಿ ಹೆಚ್ಚಿನವರು ಟೈಪ್ ಮಾಡೋದು ನುಡಿ, ಬರಹದ ಹಳೇ ಫಾಂಟುಗಳಲ್ಲಿ. ಕಾಗದದ ಮೇಲೆ ಮುದ್ರಿಸೋಕೆ ಅದು ಬಲು ಚೆಂದ. ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ರೂಪ ತೊಡಿಸಿರುತ್ತಾರೆ. ‘ನವಣೆ’ ಎಂದು ನಮಗೆ ಕಾಣುವುದು ಗೂಗಲ್ಲಿಗೆ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರುವ ಅಕ್ಷರಗಳ ಸಾಲಾಗಿ ಕಾಣುತ್ತೆ. ಗಿರಾಕಿ ನವಣೆ ಎಂದು ಹುಡುಕಿದರೆ ಆ ಪುಟ ಬರೋದಾದರೂ ಹೇಗೆ? ಎಲ್ಲಾ ಕಂಪ್ಯೂಟರಿಗೂ ಕನ್ನಡ ಅಕ್ಷರ ಅರ್ಥವಾಗಬೇಕೆಂದೇ ಯೂನಿಕೋಡ್ ಇದೆ. ಅದರಲ್ಲಿ ಕನ್ನಡ 1991ರಿಂದಲೂ ಸೇರಿದೆ. ನಮ್ಮ ಮೊಬೈಲಿನಲ್ಲಿ ಟೈಪ್ ಮಾಡೋದು ಯೂನಿಕೋಡೇ. ಹಾಗಾಗಿ ವಾಟ್ಸಾಪಿನಲ್ಲಿ ನೀವು ಬರೆದ ಕನ್ನಡ ಗೂಗಲ್ಲಿಗೆ ಅರ್ಥವಾಗುವ ಕನ್ನಡ. ದುಡ್ಡು ಕೊಟ್ಟು ಡಿಟಿಪಿಯಲ್ಲಿ ಮಾಡಿಸಿದ್ದು ಹಾಗಿಲ್ಲದೇ ಇರಬಹುದು.

ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸಾಪಿನಲ್ಲಿ ಮನೆಯವರಿಗೆ ಕಳಿಸಿ. ಕನ್ನಡವಾಗಿಯೇ ಹೋದರೆ ಸರಿ. ಗೋಜಲು ಇಂಗ್ಲಿಷ್ ಅಕ್ಷರ ಬಂದರೆ ಹಳೇ ಫಾಂಟು. ಬೆರಳಿಗೆ ಸಾಲೇ ಸಿಗದಿದ್ದರೆ ಸಾಮಾನ್ಯವಾಗಿ ಅದು ಅಕ್ಷರವಲ್ಲ, ಕರಪತ್ರದ ಚಿತ್ರ. ನಮ್ಮ ಪಕ್ಕದ ತಾಲ್ಲೂಕಿನ ಒಂದು ಸಂಘದವರು ಬೆಲೆಪಟ್ಟಿ, ಧಾನ್ಯದ ವಿವರ ಎಲ್ಲವನ್ನೂ ಚಿತ್ರವಾಗಿಯೇ ಅಂಟಿಸಿಸಿಕೊಂಡಿದ್ದರು. ಸಂಘದ ಹೆಸರು ಹುಡುಕಿದವರಿಗೆ ಪುಟ ಸಿಗುತ್ತಿತ್ತು, ಧಾನ್ಯದ ಹೆಸರು ಹುಡುಕಿದವರಿಗೆ ಇಲ್ಲ. ಹಳೇ ಫಾಂಟಿನದನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಇವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿರುತ್ತವೆಯೋ ಏನೋ, ಒಮ್ಮೆ ಓದಿ ತಿದ್ದಬೇಕು.

ಮೊಬೈಲಿನ ವಿಷಯ. 2023ರ ಅಕ್ಟೋಬರ್ ಹೊತ್ತಿಗೆ ಗೂಗಲ್ ಹೆಚ್ಚುಕಡಿಮೆ ಎಲ್ಲಾ ವೆಬ್‌ಸೈಟನ್ನೂ ಮೊಬೈಲಿನಲ್ಲಿ ಕಾಣುವ ರೂಪದಿಂದಲೇ ಓದುವ ಪದ್ಧತಿಗೆ ಬದಲಾಯಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಅವರ ಅಳತೆ. ವರ್ಡ್‌ಪ್ರೆಸ್ ಸ್ವತಃ ಹಗುರವೇ, ಪುಕ್ಕಟೆಯೂ ಹೌದು. ಆದರೆ ಅದರ ಮೇಲೆ ಭಾರದ ವಿನ್ಯಾಸ, ಹತ್ತಿಪ್ಪತ್ತು ಪ್ಲಗಿನ್ ಹೇರಿದರೆ ಲೋಡ್ ಜಾಸ್ತಿಯಾದ ಗಾಡಿಯಂತೆ ಏಳೋದೇ ಇಲ್ಲ. ವಿಕ್ಸ್, ಬ್ಲಾಗರ್‌ನಂಥವು ಫೋಟೋವನ್ನ ತಾವೇ ಕುಗ್ಗಿಸಿ ಕೊಡ್ತವೆ. ಯಾವುದೇ ಆಗಲಿ, ಓಡುವ ಚಿತ್ರ, ವೀಡಿಯೋ ಮುಖಪುಟಕ್ಕೆ ಬೇಡ ಅಂತ ನನ್ನ ಅಭಿಪ್ರಾಯ. ಹಾಗಂತ ವೇಗವೇ ಎಲ್ಲಾ ಅಲ್ಲ. ಗಿರಾಕಿ ಕೇಳಿದ್ದಕ್ಕೆ ಪುಟದಲ್ಲಿ ಉತ್ತರ ಇದೆಯಾ ಅನ್ನೋದೇ ಮುಖ್ಯ ಎಂದು ಗೂಗಲ್ಲಿನವರೂ ಹೇಳ್ತಾರೆ. ನವಣೆ ಅಂತ ಮಾತ್ರ ಬರೆಯದೆ ಫಾಕ್ಸ್‌ಟೇಲ್ ಮಿಲೆಟ್, ತೆಲುಗಿನವರ ಕೊರ್ರಲು, ತಮಿಳರ ತಿನೈ ಎಂದೂ ಸೇರಿಸಿ ಬರೆಯಿರಿ. ಪಾಲಿಶ್ ಮಾಡಿದ್ದಾ ಇಲ್ಲವಾ, ಎಷ್ಟು ದಿನ ಇಡಬಹುದು, ಹುಳ ಬೀಳದಂತೆ ಹೇಗೆ ಇಡೋದು ಎಂದು ಬರೆಯಿರಿ. ಜನ ಕೇಳೋದು ಇದನ್ನೇ.

ಇನ್ನು ವಿಳಾಸ. ಅಂಗಡಿಯವರಿಗೆಂದು ಗೂಗಲ್ಲೇ ಪುಕ್ಕಟೆ ಪುಟ ಕಟ್ಟಿಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅದನ್ನ ನಿಲ್ಲಿಸಿತು. ಹಳೇ ವಿಳಾಸಕ್ಕೆ ಬಂದವರನ್ನ ಜೂನ್ 10ರವರೆಗೆ ಮಾತ್ರ ಗೂಗಲ್ಲಿನಲ್ಲಿರುವ ಅಂಗಡಿಯ ವಿವರದ ಪುಟಕ್ಕೆ ಕಳಿಸಿತು. ಆಮೇಲೆ ಆ ವಿಳಾಸ ಸತ್ತಿತು. ಬೇರೆಯವರ ಹೊಲದಲ್ಲಿ ಬದು ಹಾಕಿದ ಹಾಗೆ ಇದು. ಸ್ವಂತ ವಿಳಾಸ ತಗೊಳ್ಳಿ. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸುಮಾರು ಒಂದು ಮೂಟೆ ಡಿಎಪಿಯ ದುಡ್ಡು ಸಾಕು. ಅದು ನಿಮ್ಮ ಹೆಸರಿನಲ್ಲೇ ನೋಂದಣಿ ಆಗಬೇಕು, ಮಾಡಿಕೊಡುವವನ ಹೆಸರಿನಲ್ಲಿ ಅಲ್ಲ. ಬ್ಲಾಗರ್‌ನಲ್ಲಿ ಸ್ವಂತ ವಿಳಾಸ ಜೋಡಿಸೋಕೆ ಬೇರೆ ಶುಲ್ಕ ಇಲ್ಲ, ವಿಕ್ಸ್‌ನಲ್ಲಿ ದುಡ್ಡು ಕಟ್ಟುವ ಯೋಜನೆಗೆ ಸೇರಬೇಕು. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದನ್ನ ಇಡಿಯಾಗಿ ಎತ್ತಿ ಬೇರೆ ಕಡೆ ಇಡಬಹುದು. ವಿಕ್ಸ್‌ನದು ಹಾಗೆ ಎತ್ತೋಕೆ ಬರಲ್ಲ, ಹೊಸದಾಗಿ ಕಟ್ಟಬೇಕು. ಹಾಗೆ ಬದಲಿಸುವಾಗ ಹಳೇ ಪುಟದಿಂದ ಹೊಸ ಪುಟಕ್ಕೆ ಶಾಶ್ವತ ದಾರಿ ತೋರಿಸುವ ಏರ್ಪಾಡು, ಅಂದ್ರೆ 301 ರೀಡೈರೆಕ್ಟ್ ಮಾಡಿಸಿ. ಇಲ್ಲಾಂದ್ರೆ ವರ್ಷಗಟ್ಟಲೆ ಗಳಿಸಿದ ಸ್ಥಾನ ಕೈ ಬಿಡಬಹುದು.

ಮೊದಲ ಸ್ಥಾನದ ಗ್ಯಾರಂಟಿ ಕೊಡ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಅದನ್ನ ಯಾರೂ ಕೊಡೋಕಾಗಲ್ಲ ಎಂದು ಗೂಗಲ್ಲೇ ಬರೆದು ಹಾಕಿದೆ.

ಪುಟ ತಯಾರಾಗಿ ತಿಂಗಳಾದರೂ ಎಲ್ಲೂ ಕಾಣದಿದ್ದರೆ ಗೂಗಲ್ಲಿನಲ್ಲಿ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಮೇಲೊಂದು ಕೆಳಗೊಂದು ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ನಿಮ್ಮ ವಿಳಾಸ ಹಾಕಿ ಹುಡುಕಿ. ಏನೂ ಬರಲಿಲ್ಲವೆಂದರೆ, ವರ್ಡ್‌ಪ್ರೆಸ್ ಆಗಿದ್ದಲ್ಲಿ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟ ತೆಗೆಸಿ. ಹುಡುಕುವ ಯಂತ್ರ ಬರದಿರಲಿ ಎಂದು ಹೇಳುವ ಒಂದು ಚೌಕ ಅಲ್ಲಿದೆ. ಕಟ್ಟುವಾಗ ಅದಕ್ಕೆ ಟಿಕ್ ಹಾಕಿದವರು ಆಮೇಲೆ ತೆಗೆಯೋಕೆ ಮರೆಯುತ್ತಾರೆ. ಟಿಕ್ ತೆಗೆದು, ಗೂಗಲ್ಲಿನವರ ಸರ್ಚ್ ಕನ್ಸೋಲ್ ಎಂಬ ಪುಕ್ಕಟೆ ಸೌಲಭ್ಯದಲ್ಲಿ ವಿಳಾಸ ಕೊಟ್ಟು ಬಂದು ಓದಿ ಹೋಗಿ ಎಂದು ಕೋರಿಕೆ ಹಾಕಬೇಕು. ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತೆ.