ಇಲ್ಲೇ ಮಾಡಿದ್ದನ್ನು ನಂಬಬಹುದೇ?

ಪ್ರಶ್ನೆ: ನನ್ನ ಮಗ ಸೇನೆಯಲ್ಲಿ ಲಾರಿ ಚಾಲಕ, ಈಗ ಗಡಿಯಲ್ಲಿದ್ದಾನೆ. ಇನ್ನು ಎಲ್ಲವನ್ನೂ ದೇಶದಲ್ಲೇ ಮಾಡುತ್ತಾರಂತೆ. ದುಡ್ಡು ಉಳಿಸಲು ಕಳಪೆ ಸಾಮಾನು ಮಕ್ಕಳ ಕೈಗೆ ಕೊಟ್ಟರೆ ಎಂಬ ಭಯ.
— ಒಬ್ಬ ತಾಯಿ, ಬಂಗಾರಪೇಟೆ

ಉತ್ತರ: ಮಗ ಗಡಿಯಲ್ಲಿರುವಾಗ ಈ ಭಯ ಬಾರದಿದ್ದರೇ ಆಶ್ಚರ್ಯ ತಾಯಿ. ಆದರೆ ಇಲ್ಲಿ ತಯಾರಾಯಿತು ಎಂಬ ಒಂದೇ ಕಾರಣಕ್ಕೆ ಯಾವುದೂ ಸೇನೆಗೆ ಸೇರುವುದಿಲ್ಲ. ಬಳಕೆದಾರರ ಪರೀಕ್ಷೆ (ಸೈನಿಕರೇ ಮರಳುಗಾಡಿನಲ್ಲಿ, ಹಿಮದಲ್ಲಿ ಬಳಸಿ ನೋಡುವುದು) ದಾಟಬೇಕು. ಅರ್ಜುನ್ ಟ್ಯಾಂಕ್ ಮಂಜೂರಾದದ್ದು 1974ರಲ್ಲಿ, ಸೇನೆ ಸೇರಿದ್ದು 2004ರಲ್ಲಿ. ಸೇನೆ ಸುಲಭಕ್ಕೆ ತಲೆಯಾಡಿಸಲಿಲ್ಲ ಎಂಬುದೂ ಆ ತಡಕ್ಕೆ ಒಂದು ಕಾರಣ.

ಹೊರಗಿನವರನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಟಟ್ರಾ ಲಾರಿಯ ಕಥೆ ಸಾಕು. ನಿಮ್ಮ ಮಗನಿಗೆ ಅದು ಗೊತ್ತಿರುತ್ತದೆ, ಕೇಳಿ ನೋಡಿ. 1986ರಲ್ಲಿ ನಿಮ್ಮ ಪಕ್ಕದ ಕೆಜಿಎಫ್‌ನ ಬೆಮಲ್ ಕಾರ್ಖಾನೆ, ಚೆಕೊಸ್ಲೊವಾಕಿಯಾದ ಜೊತೆ ಒಪ್ಪಂದ ಮಾಡಿಕೊಂಡು ಅದರ ಲೈಸೆನ್ಸ್ ತಯಾರಿಕೆಗೆ (ಪರರ ನಕ್ಷೆ, ನಮ್ಮ ಜೋಡಣೆ) ಇಳಿಯಿತು. ಗಟ್ಟಿ ಗಾಡಿ. ಪಿನಾಕ ರಾಕೆಟ್ ಉಡಾವಕಗಳನ್ನು ಹೊರುವುದೂ ಅದೇ. ಆದರೆ 1993ರ ಹೊತ್ತಿಗೆ ಒಪ್ಪಂದ ಮಾಡಿದ ದೇಶವೇ ಎರಡು ಹೋಳಾಯಿತು. ಬಿಡಿಭಾಗಗಳು ಬ್ರಿಟನ್ನಿನ ಕಂಪನಿಯೊಂದರ ಮೂಲಕ ಬರತೊಡಗಿದವು. 2012ರಲ್ಲಿ ಆ ಖರೀದಿಯೇ ದೊಡ್ಡ ವಿವಾದವಾಯಿತು. ಗಾಡಿ ಕೆಜಿಎಫ್‌ನಿಂದ ಹೊರಟರೂ ಅದರ ಜುಟ್ಟು ಬೇರೆಯವರ ಕೈಯಲ್ಲಿತ್ತು.

ಹಾಗೆಂದು ಹೊರಗಿನಿಂದ ಕೊಳ್ಳುವುದೇ ತಪ್ಪೆನ್ನಲಾರೆ. 1999ರಲ್ಲಿ ಕಾರ್ಗಿಲ್‌ನ ಬೆಟ್ಟಗಳ ಮೇಲೆ ಕೈಹಿಡಿದ ಬೋಫೋರ್ಸ್ ಫಿರಂಗಿ ಸ್ವೀಡನ್ನಿನದು. ತುರ್ತಿಗೆ ಕೊಳ್ಳಲೇಬೇಕು. ಯುದ್ಧದ ನಡುವೆ ಕೆಟ್ಟದ್ದನ್ನು ಯಾರನ್ನೂ ಕೇಳದೆ ದುರಸ್ತಿ ಮಾಡುವಷ್ಟು ವಿದ್ಯೆ ಮಾತ್ರ ನಮ್ಮಲ್ಲಿರಬೇಕು. ಆ ವಿದ್ಯೆಗೆ ಮೊದಮೊದಲು ದುಡ್ಡು ಹೆಚ್ಚೇ ಬೀಳುತ್ತದೆ. ಸ್ವದೇಶಿ ಎಂದರೆ ಅಗ್ಗ ಎನ್ನುವವರನ್ನು ನಂಬಬೇಡಿ.

ಪ್ರಶ್ನೆ: ತೇಜಸ್ ನಮ್ಮದೇ ವಿಮಾನ, ಎಂಜಿನ್ ಮಾತ್ರ ಅಮೆರಿಕದ್ದು. ಏಕೆ?
— ಪದವಿ ವಿದ್ಯಾರ್ಥಿನಿ, ರಾಬರ್ಟ್‌ಸನ್‌ಪೇಟೆ

ಉತ್ತರ: ನಿಮ್ಮ ಬೇಸರ ಹಳೆಯದೇ. 1961ರಲ್ಲಿ ಹಾರಿದ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನವೂ ತಕ್ಕ ಎಂಜಿನ್ ಸಿಗದೆ ಉದ್ದೇಶಿಸಿದ ವೇಗ ಮುಟ್ಟಲಿಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗು (ಬಿಸಿ ಅನಿಲದ ರಭಸಕ್ಕೆ ತಿರುಗುವ ರೆಕ್ಕೆ) ತನ್ನ ಲೋಹವೇ ಕರಗುವಷ್ಟು ಶಾಖದ ನಡುವೆ ಕೆಲಸ ಮಾಡಬೇಕು. ಒಳಗೆ ಸಣ್ಣ ಗಾಳಿದಾರಿಗಳನ್ನು ಬಿಟ್ಟು ಅದನ್ನು ತಣಿಸುತ್ತಾರೆ. ಆ ಲೋಹದ ಗುಟ್ಟು ಗೊತ್ತಿರುವ ದೇಶಗಳು ಕೆಲವೇ, ಅವು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ.

ಪ್ರಶ್ನೆ: ಗಣಿ ಮುಚ್ಚಿದ್ದನ್ನು ಕಂಡವನು ನಾನು. ಬೆಮಲ್ ಷೇರು ಮಾರುತ್ತಾರೆಂಬ ಸುದ್ದಿ. ಐಟಿಐ ಮುಗಿಸಿದ ಮಗನನ್ನು ಇದೇ ದಾರಿಗೆ ಬಿಡಲೇ?
— ಆಂಡರ್ಸನ್‌ಪೇಟೆಯ ಓದುಗರು

ಉತ್ತರ: ಕೆಜಿಎಫ್ ಚಿನ್ನದ ಗಣಿ ಮುಚ್ಚಿದ 2001ರ ಫೆಬ್ರುವರಿ 28ನ್ನು ಕಂಡವರಿಗೆ ಹೆದರಬೇಡಿ ಎನ್ನಲು ನನಗೆ ಬಾಯಿ ಬಾರದು. ಆದರೂ ಗಣಿಯನ್ನೂ ಬೆಮಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಗಣಿಯಲ್ಲಿ ಅದಿರು ಬಡವಾಗಿ, ತೆಗೆಯುವ ಖರ್ಚೇ ಚಿನ್ನದ ಬೆಲೆಯನ್ನು ಮೀರಿತ್ತು. ಬುಲ್ಡೋಜರ್ ಮಾಡುವ ಕಾರ್ಖಾನೆ ಬದುಕುವುದು ಬೇಡಿಕೆಯಿಂದ.

2021ರ ಜನವರಿಯಲ್ಲಿ ಸರ್ಕಾರ ಬೆಮಲ್‌ನಲ್ಲಿನ ತನ್ನ ಸುಮಾರು ಶೇಕಡಾ 54 ಪಾಲಿನಲ್ಲಿ ಶೇಕಡಾ 26ನ್ನು ಆಡಳಿತದ ಸಮೇತ ಮಾರಲು ಆಸಕ್ತರನ್ನು ಕರೆದದ್ದು ನಿಜ. ಹೂಡಿಕೆ ಹಿಂತೆಗೆತ (ಸರ್ಕಾರ ತನ್ನ ಷೇರು ಮಾರುವುದು) ಎಂದರೆ ಬೀಗ ಜಡಿಯುವುದಲ್ಲ. ಆದರೆ ಅಪ್ಪನ ಕಾಲದ ಕಾಯಂ ನೌಕರಿ ಮಗನಿಗೂ ಸಿಕ್ಕೇ ಸಿಗುತ್ತದೆಂಬ ಲೆಕ್ಕಾಚಾರ ಬೇಡ.

ಮಗ ಅಪ್ರೆಂಟಿಸ್‌ಗೆ ಸೇರಲಿ. ದಪ್ಪ ಉಕ್ಕಿನ ವೆಲ್ಡಿಂಗ್, ಹೈಡ್ರಾಲಿಕ್ಸ್ (ಎಣ್ಣೆಯ ಒತ್ತಡದಿಂದ ಯಂತ್ರ ನಡೆಸುವ ವಿದ್ಯೆ) ಕಲಿತವನಿಗೆ ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲೂ ಬಾಗಿಲು ತೆರೆದೀತು. ಅರ್ಜಿ ಹಾಕುವ ಮುನ್ನ ಆಧಾರ್‌ನಲ್ಲೂ ಐಟಿಐ ಅಂಕಪಟ್ಟಿಯಲ್ಲೂ ಹೆಸರಿನ ಇನಿಷಿಯಲ್ ಒಂದೇ ಕಡೆ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳಲಿ.