ಆಮೆನ್ ಬಾರದ ವಚನ: 1 ಸಮುವೇಲ 15

ಎಲ್ಲರೂ ಕೂತ್ಕೊಳ್ಳಿ. ಯೌವನಸ್ಥರೇ, ಸತ್ಯವೇದ ತಂದಿದ್ದೀರಾ? ಮೊಬೈಲ್‌ನಲ್ಲಿದ್ರೂ ಪರವಾಗಿಲ್ಲ, ನೋಟಿಫಿಕೇಷನ್ ಮಾತ್ರ ಆಫ್ ಮಾಡಿ. 1 ಸಮುವೇಲ 15ನೇ ಅಧ್ಯಾಯ ತೆಗೀರಿ. ಮೂರನೇ ವಚನವನ್ನು ನಿಮ್ಮ ನಿಮ್ಮೊಳಗೇ ಓದಿ. ಜೋರಾಗಿ ಬೇಡ.

ಓದಿದ್ರಾ? ಯಾರೂ ಆಮೆನ್ ಹೇಳಲಿಲ್ಲ. ನಮ್ಮ ಸಭೆಯಲ್ಲಿ ವಚನ ಓದಿದ ಮೇಲೆ ಆಮೆನ್ ಬರದೇ ಇರೋದು ಬಹಳ ಅಪರೂಪ. ಅರಸನಾದ ಸೌಲನಿಗೆ ಅಪ್ಪಣೆ ಬರುತ್ತೆ: ಅಮಾಲೇಕ್ಯರನ್ನು ನಿರ್ಮೂಲ ಮಾಡಬೇಕು. ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನ, ಕುರಿ, ಒಂಟೆ, ಕತ್ತೆ. ಪಟ್ಟಿಯಲ್ಲಿ ಯಾರೂ ಬಿಟ್ಟುಹೋಗಿಲ್ಲ.

ಈ ವಚನದ ಮೇಲೆ ನಾನು ಇಷ್ಟು ವರ್ಷ ಒಂದು ಪ್ರಸಂಗವನ್ನೂ ಮಾಡಿಲ್ಲ. ತಪ್ಪಿಸಿಕೊಂಡು ಬಂದಿದ್ದೀನಿ. ಇದೇ ಅಧ್ಯಾಯದಲ್ಲಿ ಯಜ್ಞಕ್ಕಿಂತ ವಿಧೇಯತ್ವ ದೊಡ್ಡದು ಅಂತ ಬರುತ್ತಲ್ಲ, ಆ 22ನೇ ವಚನದ ಮೇಲೆ ಎಷ್ಟೋ ಸಲ ಮಾತಾಡಿದ್ದೀನಿ. ಆದರೆ ಸೌಲ ಯಾವ ವಿಷಯದಲ್ಲಿ ಅವಿಧೇಯನಾದ ಅನ್ನೋದನ್ನ ಬೇಗ ಬೇಗ ದಾಟಿಸಿಬಿಡ್ತಿದ್ದೆ.

ಇವತ್ತು ಯಾಕೆ ಎತ್ತಿಕೊಂಡೆ ಅಂದ್ರೆ, ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರ, ಹೆಸರು ಬೇಡ, ನನ್ನ ಹತ್ತಿರ ಬಂದ. ಅವನಿಗೆ ಆಗಷ್ಟೇ ಮಗು ಹುಟ್ಟಿತ್ತು. ರಾತ್ರಿ ಮಗು ಮಲಗದೇ ಇದ್ದಾಗ ಒಂದು ಕೈಯಲ್ಲಿ ಅದನ್ನ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಸತ್ಯವೇದ ಓದ್ತಿದ್ದನಂತೆ. ಈ ವಚನ ಬಂತು. "ಪಾಸ್ಟರ್, ಇಷ್ಟೇ ದೊಡ್ಡ ಕೂಸು. ಅದೇನು ಮಾಡಿತ್ತು?" ಅಂತ ಕೇಳಿದ. ನಾನು ಏನು ಹೇಳಿದೆ ಗೊತ್ತಾ? "ಇದು ಸೈತಾನನ ಸಂಶಯ, ಬ್ರದರ್. ಮೂರು ದಿನ ಉಪವಾಸ ಮಾಡಿ." ಅವನು ಸುಮ್ಮನೆ ತಲೆ ಆಡಿಸಿದ. ಒಂದೆರಡು ಭಾನುವಾರ ಬಂದ. ಆಮೇಲೆ ಬರಲಿಲ್ಲ.

ಅವನ ಪ್ರಶ್ನೆ ಹೊಸದಲ್ಲ. ಎರಡನೇ ಶತಮಾನದಲ್ಲೇ ಮಾರ್ಸಿಯೋನ್ ಅನ್ನುವವನು ಇದಕ್ಕೆ ಸುಲಭದ ಉತ್ತರ ಕೊಟ್ಟ. ಹಳೆ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಅಂತ. ಹಳೆ ಒಡಂಬಡಿಕೆಯನ್ನು ಪೂರ್ತಿ ಬಿಟ್ಟ. ಲೂಕನ ಸುವಾರ್ತೆ ಮತ್ತು ಪೌಲನ ಹತ್ತು ಪತ್ರಿಕೆ, ಅದನ್ನೂ ಕತ್ತರಿಸಿ ಇಟ್ಟುಕೊಂಡ. ರೋಮಾಪುರದ ಸಭೆ ಸುಮಾರು 144ರಲ್ಲಿ ಅವನನ್ನು ಹೊರಗೆ ಹಾಕಿತು. ನಾವೂ ಅವನನ್ನು ದುರ್ಬೋಧಕ ಅಂತೀವಿ. ಆದರೆ ನಿಮ್ಮ ಸತ್ಯವೇದದಲ್ಲಿ ಕೀರ್ತನೆಗಳ ಪುಟ ಮಾತ್ರ ಮಾಸಿದ್ದು, ಯೆಹೋಶುವನ ಪುಸ್ತಕ ಇನ್ನೂ ಹೊಸದಾಗೇ ಇದ್ರೆ, ನಾವು ಕತ್ತರಿ ಇಲ್ಲದ ಮಾರ್ಸಿಯೋನರು. ನಗಬೇಡಿ, ನನ್ನದೂ ಹಾಗೇ ಇದೆ.

ಆಮೇಲೆ 1794. ಥಾಮಸ್ ಪೇನ್ 'ಏಜ್ ಆಫ್ ರೀಸನ್' ಅಂತ ಪುಸ್ತಕ ಬರೆದ. ಅವನು ನಾಸ್ತಿಕ ಅಲ್ಲ, ಇದನ್ನ ಗಮನಿಸಿ. ಸೃಷ್ಟಿಕರ್ತ ಇದ್ದಾನೆ ಅಂತ ನಂಬಿದವನು. ಅವನ ವಾದ ಇಷ್ಟೇ: ದೇವರು ಒಳ್ಳೆಯವನಾದ್ದರಿಂದಲೇ, ಕೂಸುಗಳನ್ನು ಕೊಲ್ಲಿ ಅಂತ ಹೇಳುವ ಪುಸ್ತಕ ಆತನದಾಗಿರಲಾರದು. ಅಂದ್ರೆ ದೇವರ ಮರ್ಯಾದೆ ಕಾಪಾಡೋಕೆ ಸತ್ಯವೇದವನ್ನು ಬಿಡಬೇಕು ಅಂತ. ಎರಡು ವರ್ಷದ ನಂತರ, 1796ರಲ್ಲಿ, ರಿಚರ್ಡ್ ವಾಟ್ಸನ್ ಅನ್ನುವ ಬಿಷಪ್ ಉತ್ತರ ಬರೆದರು. ನೀನು ನಂಬುವ ಸೃಷ್ಟಿಕರ್ತನ ಲೋಕದಲ್ಲಿ ಭೂಕಂಪ ಆದಾಗ ಕೂಸುಗಳೂ ಸಾಯ್ತವೆ. ಅದಕ್ಕೆ ನಿನ್ನ ದೇವರನ್ನು ಬಿಡ್ತೀಯಾ? ಹಾಗಾದ್ರೆ ಕಾನಾನಿನ ವಿಷಯಕ್ಕೆ ಮಾತ್ರ ನಮ್ಮ ದೇವರನ್ನು ಯಾಕೆ ಬಿಡಬೇಕು? ಬುದ್ಧಿವಂತಿಕೆಯ ಉತ್ತರ. ಪೇನ್‌ಗೆ ಅದು ತಾಗುತ್ತೆ. ಆದರೆ ಭೂಕಂಪದಲ್ಲಿ ಕತ್ತಿ ಹಿಡಿದ ಮನುಷ್ಯ ಇರಲ್ಲ. ಇಲ್ಲಿ ಒಬ್ಬ ಸೈನಿಕನ ಕೈ ಇದೆ. ವಾದದಲ್ಲಿ ಗೆದ್ದ ಮೇಲೂ ಆ ಕೈ ಅಲ್ಲೇ ಇರುತ್ತೆ.

ನಮ್ಮ ಕಾಲಕ್ಕೆ ಬನ್ನಿ. ರಿಚರ್ಡ್ ಡಾಕಿನ್ಸ್ 2006ರಲ್ಲಿ ಬರೆದ 'ದ ಗಾಡ್ ಡೆಲ್ಯೂಷನ್' ನಿಮ್ಮಲ್ಲಿ ಕೆಲವರು ಓದಿದ್ದೀರಿ, ನನಗೆ ಗೊತ್ತು. ಕದ್ದು ಓದಬೇಕಾಗಿಲ್ಲ. 2011ರಲ್ಲಿ ಕ್ರೈಸ್ತ ತತ್ವಜ್ಞಾನಿ ವಿಲಿಯಂ ಲೇನ್ ಕ್ರೇಗ್ ಜೊತೆ ಆಕ್ಸ್‌ಫರ್ಡ್‌ನಲ್ಲಿ ಚರ್ಚೆಗೆ ಬನ್ನಿ ಅಂದಾಗ ಡಾಕಿನ್ಸ್ ಬರಲಿಲ್ಲ. ವೇದಿಕೆ ಮೇಲೆ ಖಾಲಿ ಕುರ್ಚಿ ಇಟ್ಟರು. ನಮ್ಮವರು ಖುಷಿಪಟ್ಟರು. ಹೆದರಿ ಓಡಿಹೋದ ಅಂತ ನಾನೂ ಹೇಳಿದ್ದೆ. ಆದರೆ ಡಾಕಿನ್ಸ್ ಪತ್ರಿಕೆಯಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು ಇದೇ ವಿಷಯ. ಕಾನಾನಿನ ಮಕ್ಕಳ ಬಗ್ಗೆ ಕ್ರೇಗ್ ಬರೆದಿದ್ದರು: ಸತ್ತ ಮಕ್ಕಳು ಪರಲೋಕಕ್ಕೆ ಹೋಗ್ತಾರೆ, ಆದ್ದರಿಂದ ಅವರಿಗೆ ಅನ್ಯಾಯ ಆಗಲಿಲ್ಲ ಅಂತ. ಇಂಥ ಮಾತಾಡುವವರ ಜೊತೆ ಕೈಕುಲುಕಲ್ಲ ಅನ್ನೋದು ಡಾಕಿನ್ಸ್ ನಿಲುವು.

ಕ್ರೇಗ್ ದೊಡ್ಡ ವಿದ್ವಾಂಸರು, ಅವರಿಂದ ನಾನು ಕಲಿತಿದ್ದೀನಿ. ಆದರೂ ಹೇಳ್ತೀನಿ: ಮಗುವನ್ನು ಕಳೆದುಕೊಂಡ ತಾಯಿಗೆ ನಿನ್ನ ಮಗು ಕರ್ತನ ಹತ್ತಿರ ಇದೆ ಅನ್ನೋದು ಆದರಣೆ. ಕೊಂದವನು ಅದೇ ಮಾತು ಹೇಳಿದ್ರೆ? ಅದು ಆದರಣೆ ಅಲ್ಲ. ಆ ವಾದವನ್ನು ಕೊನೇವರೆಗೆ ಎಳೆದುಕೊಂಡು ಹೋದ್ರೆ ಯಾವ ಕೂಸಿನ ಕೊಲೆಯೂ ತಪ್ಪಾಗಲ್ಲ. ನಾವು ಗರ್ಭಪಾತ ಪಾಪ ಅಂತ ಸಾರುವವರು, ನೆನಪಿರಲಿ.

ಇನ್ನೊಂದು ಉತ್ತರ ಇದೆ, ಅದು ನಿಮಗೆಲ್ಲ ಬಾಯಿಪಾಠ. "ದೇವರೇ ಇಲ್ಲ ಅಂದ್ರೆ ಒಳ್ಳೇದು ಕೆಟ್ಟದ್ದು ಅಂತ ಹೇಳೋಕೆ ನಿನಗೆ ಅಳತೆಗೋಲು ಎಲ್ಲಿಂದ ಬಂತು?" ವಾದ ಸರಿಯಾದದ್ದೇ. ನಾನೂ ನಂಬ್ತೀನಿ. ಆದರೆ ಮಗು ಎತ್ತಿಕೊಂಡು ನಿಂತವನಿಗೆ ಮೊದಲ ಮಾತಾಗಿ ಇದನ್ನ ಹೇಳಬೇಡಿ. ಅವನು ಕೇಳ್ತಿರೋದು ಅಳತೆಗೋಲಿನ ಅಂಗಡಿ ಎಲ್ಲಿದೆ ಅಂತ ಅಲ್ಲ. ಅದೂ ಅಲ್ಲದೆ ಅವನ ಪ್ರಶ್ನೆ ಸತ್ಯವೇದದ ಒಳಗೇ ಇದೆ. ಆದಿಕಾಂಡ 18ರಲ್ಲಿ ಅಬ್ರಹಾಮ ಸೊದೋಮಿಗೋಸ್ಕರ ಐವತ್ತರಿಂದ ಹತ್ತಕ್ಕೆ ಚೌಕಾಶಿ ಮಾಡ್ತಾನೆ, ನಮ್ಮ ಕೆ. ಆರ್. ಮಾರ್ಕೆಟ್‌ನಲ್ಲಿ ಮಾಡಿದ ಹಾಗೆ. ನೀತಿವಂತರನ್ನೂ ದುಷ್ಟರನ್ನೂ ಒಟ್ಟಿಗೆ ನಾಶಮಾಡೋದು ಲೋಕಕ್ಕೆಲ್ಲ ನ್ಯಾಯ ತೀರಿಸುವಾತನಿಗೆ ತಕ್ಕದ್ದಾ ಅಂತ ಮುಖದ ಮುಂದೆಯೇ ಕೇಳ್ತಾನೆ. ದೇವರು ಅವನಿಗೆ ಉಪವಾಸ ಮಾಡು ಅಂತ ಹೇಳಲಿಲ್ಲ. ಹತ್ತರವರೆಗೂ ಇಳಿದು ಬಂದರು.

ಈಗ ವಾಕ್ಯಕ್ಕೆ ಬರೋಣ. ಅಮಾಲೇಕ್ಯರು ಯಾರು? ವಿಮೋಚನಕಾಂಡ 17, ಧರ್ಮೋಪದೇಶಕಾಂಡ 25 ಬರ್ಕೊಳ್ಳಿ. ಐಗುಪ್ತದಿಂದ ಬಿಡುಗಡೆಯಾಗಿ ಬರ್ತಿದ್ದ ಗುಲಾಮರ ಗುಂಪಿನ ಮೇಲೆ ಬಿದ್ದವರು. ಅದೂ ಎದುರಿಂದ ಅಲ್ಲ. ಸುಸ್ತಾಗಿ ಹಿಂದೆ ಉಳಿದವರನ್ನು ಹೊಡೆದವರು. ಹಿಂದೆ ಉಳಿಯೋದು ಯಾರು ಹೇಳಿ? ಮುದುಕರು, ಬಸುರಿಯರು, ಮಕ್ಕಳು. ಸೌಲನ ಕಾಲದ ಅರಸ ಅಗಾಗನೂ ಅದೇ ದಾರಿಯವನು. ಅವನ ಕತ್ತಿ ಎಷ್ಟೋ ಹೆಂಗಸರನ್ನು ಮಕ್ಕಳಿಲ್ಲದವರನ್ನಾಗಿ ಮಾಡಿತ್ತು ಅಂತ 33ನೇ ವಚನದಿಂದ ತಿಳಿಯುತ್ತೆ. ಆರನೇ ವಚನದಲ್ಲಿ ಅವರ ನಡುವೆ ಇದ್ದ ಕೇನ್ಯರಿಗೆ ಹೊರಗೆ ಬನ್ನಿ ಅಂತ ಎಚ್ಚರಿಕೆ ಕೊಡ್ತಾರೆ. ಹಾಗಾಗಿ ಇದು ಕಂಡವರನ್ನೆಲ್ಲ ಕೊಲ್ಲುವ ಹುಚ್ಚಲ್ಲ, ನ್ಯಾಯತೀರ್ಪು ಅನ್ನುವ ಅರ್ಥದಲ್ಲೇ ವಾಕ್ಯ ಮಾತಾಡುತ್ತೆ.

ಭಾಷೆಯ ವಿಷಯವೂ ಇದೆ. ಎಂಟನೇ ವಚನದಲ್ಲಿ ಸೌಲ ಜನರನ್ನೆಲ್ಲ ನಿರ್ಮೂಲ ಮಾಡಿದ ಅಂತ ಇದೆ. ಆದರೆ 27ನೇ ಅಧ್ಯಾಯದಲ್ಲಿ ದಾವೀದ ಮತ್ತೆ ಅಮಾಲೇಕ್ಯರ ಮೇಲೆ ದಾಳಿ ಮಾಡ್ತಾನೆ. 30ರಲ್ಲಿ ಅವರೇ ಚಿಕ್ಲಗನ್ನು ಸುಟ್ಟು ಹಾಕ್ತಾರೆ, ಸೋತ ಮೇಲೂ 400 ಜನ ಒಂಟೆ ಹತ್ತಿ ತಪ್ಪಿಸಿಕೊಳ್ತಾರೆ. ಎಲ್ಲರೂ ಸತ್ತಿದ್ರೆ ಇವರು ಎಲ್ಲಿಂದ ಬಂದರು? ಆ ಕಾಲದ ಅರಸರು ಯುದ್ಧದ ಬಗ್ಗೆ ಹೀಗೇ ಮಾತಾಡ್ತಿದ್ದರು. ಐಗುಪ್ತದ ಅರಸ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ಕಲ್ಲಿನಲ್ಲಿ ಕೆತ್ತಿಸಿದ್ದಾನೆ, ಇಸ್ರಾಯೇಲಿನ ಬೀಜವೇ ಉಳಿದಿಲ್ಲ ಅಂತ. ಆ ಕಲ್ಲು 1896ರಲ್ಲಿ ಸಿಕ್ಕಿತು. ಬೀಜವೇ ಇಲ್ಲದ ಇಸ್ರಾಯೇಲು ಆಮೇಲೂ ನೂರಾರು ವರ್ಷ ರಾಜ್ಯ ಮಾಡಿತು! ನಮ್ಮ ಹುಡುಗರು ಮ್ಯಾಚ್ ಗೆದ್ದು ಬಂದು "ಅವರನ್ನ ಸರ್ವನಾಶ ಮಾಡಿದ್ವಿ" ಅಂತಾರಲ್ಲ, ಹಾಗೆ ಅಂದುಕೊಳ್ಳಿ.

ಇದನ್ನ ಕೇಳಿ ಕೆಲವರಿಗೆ ನೆಮ್ಮದಿ ಆಯ್ತು, ಮುಖದಲ್ಲೇ ಕಾಣ್ತಿದೆ. ಸ್ವಲ್ಪ ತಡೀರಿ. ಸಂಶಯವಾದಿ ಇದಕ್ಕೂ ಉತ್ತರ ಇಟ್ಟುಕೊಂಡಿರ್ತಾನೆ. ಮೋವಾಬಿನ ಅರಸ ಮೇಷ, 2 ಅರಸುಗಳು 3ರಲ್ಲಿ ಬರ್ತಾನಲ್ಲ, ಅವನ ಶಾಸನವೂ ಸಿಕ್ಕಿದೆ. ಅದರಲ್ಲಿ ಅವನು ಇಸ್ರಾಯೇಲಿನ ಒಂದು ಊರನ್ನು ತನ್ನ ದೇವತೆಗೆ 'ಹೇರೆಮ್' ಮಾಡಿದೆ ಅಂತ ಕೊಚ್ಚಿಕೊಂಡಿದ್ದಾನೆ. ನಮ್ಮ ಅಧ್ಯಾಯದಲ್ಲಿ ನಿರ್ಮೂಲ ಅನ್ನೋದಕ್ಕೆ ಇಬ್ರಿಯ ಭಾಷೆಯಲ್ಲಿ ಇರುವುದೂ ಅದೇ ಮಾತು. "ನೋಡಿ, ನಿಮ್ಮ ದೇವರು ಅಕ್ಕಪಕ್ಕದ ದೇವತೆಗಳ ಹಾಗೇ ಮಾತಾಡ್ತಾನೆ" ಅಂತಾನೆ. ತೂಕದ ಮಾತು. ಅದೂ ಅಲ್ಲದೆ ಅತಿಶಯೋಕ್ತಿ ಅಂತಲೇ ಇಟ್ಟುಕೊಳ್ಳಿ, ಆ ಪಾಳೆಯದಲ್ಲಿ ಸತ್ತದ್ದು ಒಂದೇ ಕೂಸು ಅಂದುಕೊಳ್ಳಿ. ಆ ಸಹೋದರ ನೂರು ಕೂಸುಗಳ ಬಗ್ಗೆ ಕೇಳಲೇ ಇಲ್ಲ, ಒಂದರ ಬಗ್ಗೆ ಕೇಳಿದ್ದು.

ತಂದೆಯ ಪಾಪಕ್ಕೆ ಮಗ ಸಾಯಬಾರದು ಅಂತ ಧರ್ಮೋಪದೇಶಕಾಂಡ 24 ಹೇಳುತ್ತೆ, ಯೆಹೆಜ್ಕೇಲ 18 ಒಂದು ಇಡೀ ಅಧ್ಯಾಯ ಅದನ್ನೇ ಹೇಳುತ್ತೆ. ಅದನ್ನೂ ಹೇಳಿದಾತ ಇದೇ ದೇವರು. ಈ ಎರಡನ್ನೂ ನನ್ನ ಕೈಯಲ್ಲಿ ಹಿಡಿದುಕೊಂಡಿದ್ದೀನಿ. ಪೂರ್ತಿ ಜೋಡಿಸೋಕೆ ಬಂದಿಲ್ಲ. ಜೋಡಿಸಿದ ಹಾಗೆ ನಿಮ್ಮ ಮುಂದೆ ನಟಿಸಲ್ಲ.

ಆದರೆ ಈ ಸಲ ಓದುವಾಗ ಕರ್ತನು ಒಂದು ತೋರಿಸಿದರು. 22ನೇ ಅಧ್ಯಾಯ ತೆಗೀರಿ, 18 ಮತ್ತು 19ನೇ ವಚನ. ದಾವೀದನಿಗೆ ಸಹಾಯ ಮಾಡಿದರು ಅಂತ ಸೌಲನಿಗೆ ನೋಬಿನ ಯಾಜಕರ ಮೇಲೆ ಕೋಪ. ಕೊಲ್ಲಿ ಅಂತ ಸಿಪಾಯಿಗಳಿಗೆ ಹೇಳ್ತಾನೆ. ಸಿಪಾಯಿಗಳು ಕೈ ಎತ್ತಲ್ಲ. ಎದೋಮ್ಯನಾದ ದೋಯೇಗ ಬರ್ತಾನೆ, ಒಂದೇ ದಿನ 85 ಯಾಜಕರು. ಆಮೇಲೆ ಅವರ ಊರು. ಈಗ ಪಟ್ಟಿ ನೋಡಿ: ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನ, ಕತ್ತೆ, ಕುರಿ.

ಒಂಟೆ ಒಂದು ಬಿಟ್ಟು ಅದೇ ಪಟ್ಟಿ! ನಾನು ಎಷ್ಟು ಸಲ ಸಮುವೇಲನ ಪುಸ್ತಕ ಓದಿದ್ದೀನಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಅಗಾಗನನ್ನೂ ಕೊಬ್ಬಿದ ಕುರಿಗಳನ್ನೂ ಉಳಿಸಿಕೊಂಡ ಮನುಷ್ಯ, ತನ್ನ ಸ್ವಂತ ಸಿಟ್ಟಿಗೆ ದೇವರ ಯಾಜಕರ ಊರಲ್ಲಿ ಒಂದು ಕೂಸನ್ನೂ ಉಳಿಸಲಿಲ್ಲ. ಅಪ್ಪಣೆ ಯಾರೂ ಕೊಟ್ಟಿರಲಿಲ್ಲ. ದೇವರ ಕೈಯಲ್ಲಿದ್ದ ತೀರ್ಪಿನ ಮಾತನ್ನು ಅವನು ತನ್ನ ಕೈಗೆ ತಗೊಂಡ. ವಾಕ್ಯ ಅದನ್ನು ಮುಚ್ಚಿಡಲ್ಲ, ಅದೇ ಪದಗಳಲ್ಲಿ ಬರೆದಿಡುತ್ತೆ.

ಇದು ನಮಗೆ, ಪವಿತ್ರಾತ್ಮನ ಸ್ವರ ಕೇಳ್ತೀವಿ ಅನ್ನುವ ನಮಗೆ, ನೇರವಾಗಿ ತಾಗುತ್ತೆ. "ಕರ್ತನು ನನ್ನ ಸಂಗಡ ಮಾತಾಡಿದರು" ಅಂತ ನಾವು ದಿನಕ್ಕೆ ಎಷ್ಟು ಸಲ ಹೇಳ್ತೀವಿ? ಸಂಶಯವಾದಿಗೆ ಭಯ ಇರೋದು ಮೂರು ಸಾವಿರ ವರ್ಷದ ಹಿಂದಿನ ಅಮಾಲೇಕಿನ ಬಗ್ಗೆ ಮಾತ್ರ ಅಲ್ಲ. ನಾಳೆ ಬೆಳಿಗ್ಗೆ ಎದ್ದು ಒಬ್ಬ ವಿಶ್ವಾಸಿ "ದೇವರು ಹೇಳಿದರು" ಅಂತ ಏನು ಮಾಡಿಬಿಡ್ತಾನೋ ಅಂತ. ಆ ಭಯ ಸುಳ್ಳಲ್ಲ. ಹದಿನೇಳನೇ ಶತಮಾನದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ ಬೋಧಕರು ಅಲ್ಲಿನ ಮೂಲನಿವಾಸಿಗಳನ್ನು ಅಮಾಲೇಕ್ ಅಂತ ಕರೆದು ಸೈನಿಕರನ್ನು ಹುರಿದುಂಬಿಸಿದರು. ಸತ್ಯವೇದ ಕೈಯಲ್ಲಿತ್ತು, ಬಾಯಲ್ಲಿ ಸ್ತೋತ್ರ ಇತ್ತು. ಅದು ನೋಬ್, ಯೌವನಸ್ಥರೇ.

ಯಾರಾದರೂ ನಿಮಗೆ, ಪ್ರವಾದಿಯಾಗಲಿ, ಪಾಸ್ಟರ್ ಆಗಲಿ, ನಾನೇ ಆಗಲಿ, ಒಬ್ಬ ಮನುಷ್ಯನನ್ನು ತೋರಿಸಿ "ಇವನು ಅಮಾಲೇಕ್, ಹೊಡಿ" ಅಂದ್ರೆ, ಆ ಸಿಪಾಯಿಗಳ ಹಾಗೆ ಕೈ ಎತ್ತದೆ ನಿಂತ್ಕೊಳ್ಳಿ. ಅವರ ಹೆಸರು ಸತ್ಯವೇದದಲ್ಲಿ ಇಲ್ಲ. ಅರಸನ ಮಾತು ಮೀರಿದರೆ ತಮ್ಮ ತಲೆ ಹೋಗಬಹುದು ಅಂತ ಗೊತ್ತಿದ್ದೂ ನಿಂತರು.

ಯೇಸು ಕರ್ತನು ಏನು ಮಾಡಿದರು? ಲೂಕ 9. ಸಮಾರ್ಯದ ಹಳ್ಳಿಯವರು ಸೇರಿಸಿಕೊಳ್ಳಲಿಲ್ಲ. ಯಾಕೋಬ ಯೋಹಾನರಿಗೆ ಆಕಾಶದಿಂದ ಬೆಂಕಿ ಬೀಳಿಸಬೇಕು ಅಂತ ಆಸೆ. ಎಲೀಯ ಬೀಳಿಸಿದ್ದನಲ್ಲ, ವಾಕ್ಯದ ಆಧಾರವೂ ಇತ್ತು! ಯೇಸು ಆ ಹಳ್ಳಿಯನ್ನಲ್ಲ, ಶಿಷ್ಯರನ್ನು ಗದರಿಸಿ ಇನ್ನೊಂದು ಹಳ್ಳಿಗೆ ಹೋದರು. ಇದೇ ಯೇಸು ನರಕದ ಬಗ್ಗೆಯೂ ಮಾತಾಡಿದರು. ತೀರ್ಪೇ ಇಲ್ಲದ ಮೆತ್ತನೆಯ ದೇವರನ್ನು ನಾನು ನಿಮಗೆ ಮಾರಲ್ಲ. ದುಷ್ಟತನಕ್ಕೆ ಎಂದೂ ಲೆಕ್ಕ ಕೇಳದ ದೇವರೂ ಒಳ್ಳೆಯ ದೇವರಲ್ಲ, ಇದನ್ನ ಅನ್ಯಾಯ ಅನುಭವಿಸಿದವರನ್ನ ಕೇಳಿ. ಆದರೆ ಆ ತೀರ್ಪು ಬಂದಾಗ ಆತನು ಎಲ್ಲಿ ನಿಂತರು? ಶಿಲುಬೆ ಮೇಲೆ, ಹೊಡೆಸಿಕೊಳ್ಳುವವರ ಕಡೆ. 1 ಸಮುವೇಲ 15ನ್ನು ನಾನು ಅಲ್ಲಿ ನಿಂತು ಓದ್ತೀನಿ. ಅಲ್ಲಿ ನಿಂತ್ರೂ ನೋವು ಹೋಗಲ್ಲ. ಆದರೆ ಆತನ ಕೈಯ ಗಾಯ ನೋಡಿದ ಮೇಲೆ, ಕೂಸುಗಳ ವಿಷಯದಲ್ಲಿ ಈತ ನಿರ್ದಯ ಅಂತ ನನಗೆ ನಂಬೋಕೆ ಆಗಲ್ಲ.

ಹೋದ ತಿಂಗಳು ಆ ಸಹೋದರನಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಈಗ ಉತ್ತರ ಸಿಕ್ತಾ, ಪಾಸ್ಟರ್?" ಅರ್ಧ ಸಿಕ್ಕಿದೆ ಅಂದೆ. "ಅರ್ಧ ಅಂತ ಆವತ್ತೇ ಹೇಳಿದ್ರೆ ನಾನು ಬರ್ತಾ ಇದ್ದೆ" ಅಂದ. ಹಿಂದೆ ಮಗಳ ಸ್ವರ ಕೇಳಿಸ್ತಿತ್ತು, ಈಗ ಶಾಲೆಗೆ ಹೋಗ್ತಾಳಂತೆ. ಸಭೆಗೆ ಬರ್ತೀನಿ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಶನಿವಾರ ಅವರ ಮನೆಗೆ ಟೀಗೆ ಹೋಗ್ತಿದ್ದೀನಿ.

ಮುಂದಿನ ವಾರ ಹಬಕ್ಕೂಕನ ಮೊದಲನೇ ಅಧ್ಯಾಯ, ಓದಿಕೊಂಡು ಬನ್ನಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಬಾಗಿಲ ಹತ್ತಿರದ ಡಬ್ಬಿಗೆ ಹಾಕಿ, ಹೆಸರು ಬೇಕಾಗಿಲ್ಲ. ಈಗ ಎದ್ದು ನಿಲ್ಲೋಣ. ಪಕ್ಕದಲ್ಲಿರುವವರ ಕೈ ಹಿಡೀರಿ, ಪ್ರಾರ್ಥಿಸೋಣ.